ಮನೆಗೆ ಬಂದ ಮಾಹಿತಿ ಹೊಲದ ಕೈಗೆ ಮುಟ್ಟಲಿ

ಬೇಸಾಯಕ್ಕೆ ಬೀಜ, ಗೊಬ್ಬರ, ನೀರು ಎಷ್ಟು ಅವಶ್ಯಕವೋ ಸಕಾಲದ ಮಾಹಿತಿಯೂ ಅಷ್ಟೇ ಅವಶ್ಯಕ. ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಹೆಚ್ಚಿನ ರೈತರ ಮನೆಗಳಲ್ಲಿ ಇಂದು ಬಾನುಲಿ, ದೂರದರ್ಶನ, ಮೊಬೈಲ್ ಫೋನ್ ಇವುಗಳಲ್ಲಿ ಒಂದಾದರೂ ಇದೆ. ಆದ್ದರಿಂದ ಮಾಹಿತಿಯು ಮನೆಯ ಹೊಸ್ತಿಲವರೆಗೆ ಬರುವುದು ಮೊದಲಿನಷ್ಟು ಕಷ್ಟವಲ್ಲ. ಹೊಸ್ತಿಲು ದಾಟಿದ ಮೇಲೆ ಅದು ಯಾರ ಕಿವಿಗೆ ಬೀಳುತ್ತದೆ, ಯಾವ ಭಾಷೆಯಲ್ಲಿ ಬೀಳುತ್ತದೆ, ಹೊಲದಲ್ಲಿ ದುಡಿಯುವ ಕೈಗೆ ಯಾವ ರೂಪದಲ್ಲಿ ಮುಟ್ಟುತ್ತದೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಈ ಲೇಖನದ ವಿಷಯ ಅದೇ.

ಒಂದು ಬಿಂದುವಿನಿಂದಾದ ಹಾನಿ

ಮೊದಲು ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಗೋವಿನಜೋಳಕ್ಕೆ ಬೀಳುವ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡುಬಂದದ್ದು 2018 ರಲ್ಲಿ, ಕರ್ನಾಟಕದಲ್ಲಿಯೇ. ಇದರ ಪತಂಗ ಬಹು ದೂರ ಹಾರಬಲ್ಲದು. ಇಂಥ ಪೀಡೆಯ ವಿಷಯದಲ್ಲಿ ಮಾಸಪತ್ರಿಕೆ ಅಚ್ಚಾಗಿ ಕೈಸೇರುವವರೆಗೆ ಕಾಯಲಾಗದು. ಆಗ ಒಂದು ಬಾನುಲಿ ಭಾಷಣದಲ್ಲಿ ನಾನು, ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್.ಸಿ. ಔಷಧಿಯನ್ನು ಪ್ರತಿ ಲೀಟರ್ ನೀರಿಗೆ 0.4 ಮಿ.ಲೀ. ಬೆರೆಸಿ ಸುಳಿಯೊಳಗೆ ಬೀಳುವಂತೆ ಸಿಂಪಡಿಸಿರಿ ಎಂದು ಹೇಳಿದೆ. ಶಿಫಾರಸು ಸರಿಯಾಗಿಯೇ ಇತ್ತು.

ಕೆಲವು ದಿನಗಳ ನಂತರ ಹಳಿಯಾಳ ಭಾಗದ ಒಂದು ಹೊಲಕ್ಕೆ ಹೋಗಿದ್ದೆ. ಆ ಮನೆಯಲ್ಲಿ ಭಾಷಣ ಕೇಳಿದವನು ಹಿರಿಯ ಮಗ. ಅವನು ದಾಂಡೇಲಿಗೆ ಪಾಳಿ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ತಂದೆಗೆ ಹೇಳಿದ. ತಂದೆ ಸೊಸೆಗೆ ಹೇಳಿದರು. ಔಷಧಿ ಅಳೆದು ಪಂಪಿಗೆ ಹಾಕಿದವಳು ಸೊಸೆ. ಮಾತು ಮೂರನೆಯ ಬಾಯಿಗೆ ಬರುವಷ್ಟರಲ್ಲಿ ಬಿಂದು ಉದುರಿ ಹೋಗಿ ನಾಲ್ಕು ಮಾತ್ರ ಉಳಿದಿತ್ತು. 16 ಲೀಟರ್ ಪಂಪಿಗೆ 6.4 ಮಿ.ಲೀ. ಹಾಕುವ ಬದಲು 64 ಮಿ.ಲೀ. ಹಾಕಲಾಗಿತ್ತು. ದುಬಾರಿ ಔಷಧಿಗೆ ಹತ್ತು ಪಟ್ಟು ಹಣ ಹೋಯಿತು. ಆ ಮೇವನ್ನು ಎಮ್ಮೆಗೆ ಹಾಕಲು ಮನೆಯವರು ಹೆದರಿ ಹೊರಗಿನಿಂದ ಹುಲ್ಲು ಕೊಂಡರು. ಎಲ್ಲಕ್ಕೂ ಮಿಗಿಲಾಗಿ, ಅಷ್ಟು ಗಟ್ಟಿ ದ್ರಾವಣವನ್ನು ಬರಿಗೈಯಿಂದ ಕಲೆಸಿದ್ದಳು ಆ ಹೆಣ್ಣುಮಗಳು. ಅವಳು ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ: "ರೇಡಿಯೋ ನನಗೆ ಯಾರೂ ಕೇಳಿಸಲಿಲ್ಲರೀ, ಹೇಳಿದರು ಅಷ್ಟೆ."

ಅಂದಿನಿಂದ ನಾನು 10 ಲೀಟರ್ ನೀರಿಗೆ 4 ಮಿ.ಲೀ. ಎಂದೇ ಹೇಳುತ್ತೇನೆ. ಪ್ರಮಾಣ ಅದೇ, ಆದರೆ ಉದುರಿ ಹೋಗಲು ಬಿಂದುವಿಲ್ಲ.

ಹಿಂದಿನ ಅನುಭವ ಏನು ಹೇಳುತ್ತದೆ?

ಧಾರವಾಡ ಆಕಾಶವಾಣಿ ಕೇಂದ್ರ 1950 ರಲ್ಲಿ ಆರಂಭವಾಯಿತು. 1966 ರಿಂದ ದೇಶದ ಆಕಾಶವಾಣಿ ಕೇಂದ್ರಗಳಲ್ಲಿ ಕೃಷಿ ಮತ್ತು ಗೃಹ ವಿಭಾಗಗಳು ಪ್ರಾರಂಭವಾದವು. ಕೃಷಿಯ ಜೊತೆಗೆ ಗೃಹ ಎಂಬ ಶಬ್ದವನ್ನು ಸೇರಿಸಿದ್ದು ಅರ್ಥಪೂರ್ಣವಾಗಿದೆ. ಹೊಲದ ತೀರ್ಮಾನಗಳು ಮನೆಯಲ್ಲಿಯೇ ಆಗುತ್ತವೆಂಬುದನ್ನು ಅದು ಗುರುತಿಸಿತ್ತು. ಆ ಕಾಲದಲ್ಲಿ ತಮಿಳುನಾಡಿನ ತಂಜಾವೂರು ಸೀಮೆಯಲ್ಲಿ ಎ.ಡಿ.ಟಿ. 27 ಎಂಬ ಭತ್ತದ ತಳಿ ಬಾನುಲಿಯ ಮೂಲಕ ಎಷ್ಟು ಪ್ರಚಾರವಾಯಿತೆಂದರೆ ರೈತರು ಅದನ್ನು ರೇಡಿಯೋ ಭತ್ತವೆಂದೇ ಕರೆದರು. 1975-76 ರಲ್ಲಿ ಉಪಗ್ರಹದ ಮೂಲಕ ನಡೆದ ದೂರದರ್ಶನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿದ್ದವು. ನಮ್ಮ ರಾಜ್ಯದ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು.

ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ ಪಾಠ 1956 ರಲ್ಲಿ ಪುಣೆ ಸುತ್ತಿನ ಜಿಲ್ಲೆಗಳಲ್ಲಿ ನಡೆದ ಗ್ರಾಮೀಣ ಬಾನುಲಿ ಕೂಟಗಳದ್ದು. ಹಳ್ಳಿಗರು ಗುಂಪಾಗಿ ಕುಳಿತು ಕಾರ್ಯಕ್ರಮ ಕೇಳಿ, ಮುಗಿದ ಮೇಲೆ ಅದರ ಬಗ್ಗೆ ಚರ್ಚಿಸುತ್ತಿದ್ದರು. ಕೇವಲ ರೇಡಿಯೋ ಇದ್ದ ಹಳ್ಳಿಗಳಿಗಿಂತ ಕೂಟಗಳಿದ್ದ ಹಳ್ಳಿಗಳಲ್ಲಿ ತಿಳುವಳಿಕೆ ಬಹಳ ಹೆಚ್ಚಾಯಿತೆಂದು ಕಂಡುಬಂದಿತು. ಕೇಳಿದ್ದನ್ನು ಕೂಡಿ ಮಾತನಾಡಿದಾಗಲೇ ಅದು ತಲೆಯಲ್ಲಿ ನಿಲ್ಲುತ್ತದೆ. ರೇಡಿಯೋ ಹೋಗಿ ಮೊಬೈಲ್ ಬಂದರೂ ಈ ಮಾತು ಬದಲಾಗಿಲ್ಲ.

ನಮ್ಮ ಸೀಮೆಯ ಮೂರು ತೊಡಕುಗಳು

ಮೊದಲನೆಯದು ಕಾಡು ಮತ್ತು ಕಣಿವೆ. ಬಾನುಲಿಯ ಮಧ್ಯಮ ತರಂಗಗಳು ನೆಲದ ಏರಿಳಿತಗಳನ್ನು ಅನುಸರಿಸಿ ಬಹು ದೂರ ಹೋಗಬಲ್ಲವು. ಎಫ್.ಎಂ. ಮತ್ತು ಮೊಬೈಲ್ ತರಂಗಗಳಿಗೆ ಗುಡ್ಡ ಅಡ್ಡಬಂದರೆ ಅವು ಬಹುಮಟ್ಟಿಗೆ ಅಲ್ಲಿಯೇ ತಡೆಯಲ್ಪಡುತ್ತವೆ. ದಟ್ಟವಾದ ಒದ್ದೆ ಎಲೆಗಳೂ ಅವುಗಳನ್ನು ಕುಗ್ಗಿಸುತ್ತವೆ. ಆದಕಾರಣ ಜೋಯಿಡಾದ ಚದುರಿದ ಕೇರಿಗಳಲ್ಲಿ ಫೋನನ್ನು ಸಿಗ್ನಲ್ ಸಿಗುವ ಒಂದೇ ಕಿಟಕಿಯ ಬಳಿ ತೂಗು ಹಾಕಿರುವ ಮನೆಗಳನ್ನು ಕಾಣುತ್ತೇವೆ. 2020 ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಗುಡ್ಡವೇರಿ ಪಾಠ ಕೇಳಿದ್ದನ್ನು ಯಾರೂ ಮರೆತಿಲ್ಲ.

ಎರಡನೆಯದು ಭಾಷೆ. ಕುಣಬಿ ಮತ್ತು ಸಿದ್ದಿ ಮನೆಗಳಲ್ಲಿ ಕೊಂಕಣಿ, ಗೌಳಿಗರಲ್ಲಿ ಮರಾಠಿಯ ಒಂದು ರೂಪ, ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಸಲಹೆ ಬರುವುದು ಹೆಚ್ಚಾಗಿ ಪುಸ್ತಕದ ಕನ್ನಡದಲ್ಲಿ. ಬೀಜೋಪಚಾರ ಎಂಬ ಶಬ್ದ ಬೀಜ ಕಾಯ್ದಿಡುವ ಅಜ್ಜಿಗೆ ಅರ್ಥವಾಗದೆ ಹೋದರೆ ಆ ಸಲಹೆ ಮನೆಗೆ ಬಂದೂ ಬಾರದಂತೆಯೇ ಸರಿ.

ಮೂರನೆಯದು, ಫೋನು ಯಾರ ಜೇಬಿನಲ್ಲಿದೆ ಎಂಬುದು. 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಹೊಂದಿದವರು ಶೇಕಡಾ 46.6 ಮಾತ್ರ. ನಾಟಿ, ಕಳೆ, ಬೀಜದ ಆಯ್ಕೆ, ದನಗಳ ಆರೈಕೆ ಇವೆಲ್ಲ ಬಹುಪಾಲು ಅವರ ಕೈಯಲ್ಲಿವೆ ಎಂಬುದನ್ನು ಗಮನಿಸಬೇಕು.

ತಾರೀಖಿಲ್ಲದ ಸಂದೇಶದ ಅಪಾಯ

ಮೊಬೈಲಿನಲ್ಲಿ ಕೈಯಿಂದ ಕೈಗೆ ಹರಿದು ಬರುವ ಸಂದೇಶಗಳಿಗೆ ವಯಸ್ಸಾಗುವುದಿಲ್ಲ. ಹಿಂದೆ ಭತ್ತ, ಕಬ್ಬುಗಳಲ್ಲಿ ಫೋರೇಟ್ ಹರಳು ಬಳಸುತ್ತಿದ್ದುದು ನಿಮಗೆಲ್ಲ ತಿಳಿದಿದೆ. ಫೋರೇಟ್, ಟ್ರೈಯಾಜೋಫಾಸ್, ಡೈಕ್ಲೋರ್ವಾಸ್, ಫಾಸ್ಫಾಮಿಡಾನ್ ಇವುಗಳ ಬಳಕೆಯನ್ನು ಕೇಂದ್ರ ಸರಕಾರದ 2018 ರ ಆದೇಶದಂತೆ 2020 ರ ಡಿಸೆಂಬರ್ 31 ರಿಂದ ನಿಷೇಧಿಸಲಾಗಿದೆ. ಅದಕ್ಕೂ ಮೊದಲು ತಯಾರಾದ ಚಿತ್ರ ಮಾತ್ರ ಇಂದು ಕಳುಹಿಸಿದರೂ ಹೊಸದರಂತೆಯೇ ಕಾಣುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇಂಥದ್ದಕ್ಕೇ ಹೇಳಿದಂತಿದೆ.

ಮನೆಯಲ್ಲಿ ಅನುಸರಿಸಬೇಕಾದ ಕ್ರಮಗಳು

1. ಹವಾಮಾನ ಇಲಾಖೆಯ ಕೃಷಿ ಸಲಹೆ ವಾರಕ್ಕೆ ಎರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಹೊರಡುತ್ತದೆ. 2019 ರಲ್ಲಿ ಬಂದ ಮೇಘದೂತ್ ಆ್ಯಪ್‌ನಲ್ಲಿ ಅದನ್ನು ಕನ್ನಡದಲ್ಲಿಯೂ ನೋಡಬಹುದು. ಆ ಎರಡು ದಿನ ರಾತ್ರಿ ಊಟದ ಹೊತ್ತಿಗೆ ಮಕ್ಕಳಲ್ಲೊಬ್ಬರು ಅದನ್ನು ಗಟ್ಟಿಯಾಗಿ ಓದಿ, ಮನೆಮಾತಿನಲ್ಲಿ ಅಜ್ಜ ಅಜ್ಜಿಗೆ ತಿಳಿಸಲಿ. ಕೂರಿಗೆ ಬಿತ್ತನೆ, ಸಿಂಪರಣೆಗಳ ದಿನವನ್ನು ಅಲ್ಲಿಯೇ ಗೊತ್ತುಪಡಿಸಿರಿ.

2. ಔಷಧಿಯ ಹೆಸರು ಮತ್ತು ಪ್ರಮಾಣವನ್ನು ಬಾಯಿಮಾತಿನಲ್ಲಿ ದಾಟಿಸಬಾರದು. ನಿಮ್ಮ ಪಂಪಿನ ಅಳತೆಗೆ ಲೆಕ್ಕ ಹಾಕಿ ಒಂದು ಚೀಟಿಯಲ್ಲಿ ಬರೆದು, ಅಳೆಯುವ ಮುಚ್ಚಳದ ಸಂಗಡವೇ ಇಡಬೇಕು. ಸಿಂಪಡಿಸುವವರು ಅದನ್ನು ಓದಿ ಅಥವಾ ಓದಿಸಿಕೊಂಡು, ತಿರುಗಿ ಹೇಳಬೇಕು.

3. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ಓದಲು ಬಾರದವರಿಗೂ ಕಲಿಸಿರಿ. ಕೆಂಪು ಅತ್ಯಂತ ವಿಷಕಾರಿ. ನಂತರ ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಸಿರೆಂದರೂ ಅದು ವಿಷವೇ. ಕೈಗವಸು ಬೇಕೇ ಬೇಕು.

4. ಊರು, ತಾರೀಖು, ಹೇಳಿದವರ ಹೆಸರು ಇಲ್ಲದ ಸಂದೇಶದಂತೆ ಔಷಧಿ ಕೊಳ್ಳಬೇಡಿರಿ, ಮುಂದಕ್ಕೂ ಕಳುಹಿಸಬೇಡಿರಿ. ಸಂಶಯ ಬಂದಲ್ಲಿ 2004 ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರಿಗೆ 1800-180-1551 ಸಂಖ್ಯೆಯ ಮೂಲಕ ಬೆಳಿಗ್ಗೆ 6 ರಿಂದ ರಾತ್ರಿ 10 ರವರೆಗೆ ಉಚಿತವಾಗಿ ಕೇಳಬಹುದು.

5. ಸಿಗ್ನಲ್ ಕಡಿಮೆ ಇರುವಲ್ಲಿ ಚಿತ್ರಗಳಿಗಿಂತ ಅಕ್ಷರದ ಸಂದೇಶ ಸುಲಭವಾಗಿ ಬರುತ್ತದೆ. ರೋಗ ಬಿದ್ದ ಎಲೆಯ ಫೋಟೋ ತೆಗೆದಿಟ್ಟುಕೊಂಡು, ಸಂತೆಗೆ ಹೋದಾಗ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಕಳುಹಿಸಿರಿ.

6. ಹಳೆಯ ರೇಡಿಯೋವನ್ನು ಎಸೆಯಬೇಡಿರಿ. ಮಳೆಗಾಲದಲ್ಲಿ ಕರೆಂಟು ಹೋಗಿ ಫೋನು ಸತ್ತಾಗ, ಎರಡು ಸೆಲ್ಲಿನಿಂದ ಮಾತನಾಡುವ ಸಾಧನ ಅದೊಂದೇ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು

ಗುಂಪಿಗೆ ಸಂದೇಶ ಕಳುಹಿಸಿದೊಡನೆ ನಮ್ಮ ಕೆಲಸ ಮುಗಿಯಲಿಲ್ಲ. ಪ್ರಮಾಣವನ್ನು ಪೂರ್ಣಾಂಕದಲ್ಲಿ ಹೇಳಿರಿ. ಪ್ರತಿ ಸಂದೇಶಕ್ಕೂ ತಾರೀಖು ಹಾಕಿರಿ. ಮನೆಗೆ ಹೋದಾಗ ಯಜಮಾನನನ್ನಷ್ಟೇ ಮಾತನಾಡಿಸದೆ, ಪಂಪು ತುಂಬುವವರು ಯಾರೆಂದು ವಿಚಾರಿಸಿ, ಅವರೆದುರು ಒಮ್ಮೆ ನೀರಿನಲ್ಲಿಯೇ ಅಳೆದು ತೋರಿಸಿರಿ.

ಹೋದ ಹಂಗಾಮಿನಲ್ಲಿ ಅದೇ ಹಳಿಯಾಳದ ಮನೆಗೆ ಮತ್ತೆ ಹೋಗಿದ್ದೆ. ಪಡಸಾಲೆಯ ಗೋಡೆಗೆ ಚೀಟಿಯೊಂದನ್ನು ಅಂಟಿಸಿದ್ದರು. ಔಷಧಿಯ ಹೆಸರು, ಪಂಪಿನ ಅಳತೆ, ಪ್ರಮಾಣ, ತಾರೀಖು ಅದರಲ್ಲಿದ್ದವು. ಅಕ್ಷರ ಸೊಸೆಯದು. ರೈತ ಬಾಂಧವರೇ, ಇಂಥ ಚೀಟಿಗೆ ಖರ್ಚು ಏನೂ ಇಲ್ಲ. ಇಂದೇ ನಿಮ್ಮ ಮನೆಯ ಗೋಡೆಗೂ ಒಂದನ್ನು ಅಂಟಿಸಿರಿ.