ಜ್ಯೂರಿಗೆ ಓದಿ ಹೇಳಿದ 13 ಪುಟ

ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ಕೊಲೆಯತ್ನದ ಮೊಕದ್ದಮೆ. ಆರೋಪಿ ಬಳಸುತ್ತಿದ್ದ ಕಾರಿನಲ್ಲಿ ಸಿಕ್ಕಿದ ನೋಟ್‌ಬುಕ್ಕುಗಳ ತುಂಬ ಅವನೇ ಗೀಚಿದ ರ‍್ಯಾಪ್ ಸಾಲುಗಳು. ಅದರಲ್ಲಿ 13 ಪುಟದಷ್ಟನ್ನು ಜ್ಯೂರಿಯ ಮುಂದೆ ಓದಲಾಯಿತು. ಕೆಲವು ಸಾಲುಗಳಂತೂ ಗುಂಡು ಹಾರುವುದಕ್ಕೆ ವರ್ಷಗಳ ಮುಂಚೆಯೇ ಬರೆದವು. ಶಿಕ್ಷೆಯಾಯಿತು. ಶೆರಿಫ್ ಎಂಬ ಪೊಲೀಸ್ ಅಧಿಕಾರಿಗೆ ಗುಂಡಿಟ್ಟ ಕತೆ ಹಾಡಿದ ಬಾಬ್ ಮಾರ್ಲಿ ನಿಜಕ್ಕೂ ಗುಂಡಿಟ್ಟನೆಂದು ಯಾರೂ ತಿಳಿಯುವುದಿಲ್ಲವಲ್ಲ ಎಂದ ರಾಜ್ಯದ ಸುಪ್ರೀಂ ಕೋರ್ಟು 2014ರಲ್ಲಿ ಮರುವಿಚಾರಣೆಯೇ ಸರಿ ಎಂದಿತು.

ಹಾಡಿನ ಮೇಲಿನ ಗುಮಾನಿ ಕೋರ್ಟಿನಾಚೆಗೂ ಇದೆ. ರ‍್ಯಾಪ್ ಒಳಗೊಂಡ ಹಿಪ್ ಹಾಪ್ ಕೇಳಿ ಹುಡುಗರು ಕೆಡುತ್ತಾರೆ ಎಂಬುದು ಅಲ್ಲಿಯ ಹಳೇ ದೂರು. ಲಾಂಗು-ಮಚ್ಚಿನ ಸಿನಿಮಾ ನೋಡಿ ಕೆಟ್ಟರು ಎಂಬ ನಮ್ಮ ದೂರಿಗೆ ದಾಯಾದಿ. ಅದು ನಿಜವಾಗಿದ್ದರೆ, ಡಾಕ್ಟರ್ ಡ್ರೆ, ಸ್ನೂಪ್ ಡಾಗ್‌ರಂಥ ರ‍್ಯಾಪ್ ಹಾಡುಗಾರರು ಮನೆಮಾತಾದ 1990ರ ದಶಕದಲ್ಲಿ ರಕ್ತ ಇನ್ನಷ್ಟು ಹರಿಯಬೇಕಿತ್ತು. ಆದದ್ದು ಉಲ್ಟಾ. 1991ರಲ್ಲಿ ಲಕ್ಷ ಜನರಿಗೆ 9.8ರಷ್ಟಿದ್ದ ಕೊಲೆಗಳ ಪ್ರಮಾಣ 2000ದ ಹೊತ್ತಿಗೆ 5.5ಕ್ಕೆ ಇಳಿಯಿತು. ಹಿಂಸೆಯ ಪ್ರಕರಣಗಳಲ್ಲಿ ಅಪ್ರಾಪ್ತರ ಬಂಧನವೂ 1994ರ ಸುಮಾರಿಗೆ ತುದಿ ಮುಟ್ಟಿ ಆಮೇಲೆ ಕುಸಿಯಿತು. ಹಾಡೇ ಕೊಲೆ ತಗ್ಗಿಸಿತು ಎಂದೂ ಇದರಿಂದ ಹೇಳಲಾಗದು, ಬಿಡಿ.

ಹಾಗೆಂದು ದೂರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅಲಬಾಮಾದಲ್ಲಿ 522 ಆಫ್ರಿಕನ್ ಅಮೆರಿಕನ್ ಹುಡುಗಿಯರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ರ‍್ಯಾಪ್ ವಿಡಿಯೊ ಹೆಚ್ಚು ನೋಡಿದವರು ಪೊಲೀಸರ ಕೈಗೆ ಸಿಕ್ಕುವ ಸಂಭವ ಎರಡೂವರೆ ಪಟ್ಟು ಹೆಚ್ಚಿತ್ತು. ವಿಡಿಯೊ ಹುಡುಗಿಯನ್ನು ಕೆಡಿಸಿತೋ, ಮೊದಲೇ ಬೀದಿಯ ಸಹವಾಸಕ್ಕೆ ಬಿದ್ದವಳು ಅಂಥ ವಿಡಿಯೊ ಆರಿಸಿಕೊಂಡಳೋ? ನೆದರ್ಲೆಂಡ್ಸಿನಲ್ಲಿ 309 ಮಕ್ಕಳನ್ನು 12ನೇ ವಯಸ್ಸಿನಿಂದ 16ರವರೆಗೆ ಗಮನಿಸಿದವರಿಗೆ ಸಿಕ್ಕ ಚಿತ್ರ ಇನ್ನೂ ಸೋಜಿಗದ್ದು. ಅಂಗಡಿಯಲ್ಲಿ ಕದಿಯುವುದು, ಕಂಡದ್ದನ್ನು ಒಡೆದುಹಾಕುವುದು ಮುಂತಾದ ಪುಂಡಾಟ ಹಿಪ್ ಹಾಪ್ ಮೆಚ್ಚಿದವರಲ್ಲಷ್ಟೇ ಅಲ್ಲ, ಮೆಟಲ್, ಪಂಕ್, ಟ್ರಾನ್ಸ್ ಮೆಚ್ಚಿದವರಲ್ಲೂ ಹೆಚ್ಚಿತ್ತು. ಹೆಚ್ಚೂಕಡಿಮೆ ಮಾತೇ ಇಲ್ಲದ ಟ್ರಾನ್ಸ್ ಸಂಗೀತ ಯಾರಿಗೆ ಕಳ್ಳತನ ಕಲಿಸೀತು! ಒಂದೇ ಹಾಡಿನ ಹುಚ್ಚು ಗೆಳೆಯರನ್ನು ಒಟ್ಟುಗೂಡಿಸುತ್ತದೆ, ಮಿಕ್ಕದ್ದು ಆ ಗುಂಪಿನ ಕೈವಾಡ ಎಂಬ ಊಹೆಯೇ ನನಗೆ ಒಪ್ಪಿಗೆ.

ಕೇಳುವ ಹುಡುಗರಿಗಿಂತ ತೀರ್ಪು ಕೊಡುವ ದೊಡ್ಡವರ ತಲೆಯೊಳಗೆ ಏನಾಗುತ್ತದೆ ಎಂದು ನೋಡಿದವರು ಮನಶ್ಶಾಸ್ತ್ರಜ್ಞೆ ಕ್ಯಾರಿ ಫ್ರೈಡ್. ಅವರ ಪ್ರಯೋಗ ಪ್ರಕಟವಾದದ್ದು 1996ರಲ್ಲಿ. ಪೊಲೀಸನನ್ನು ಕೊಂದವನೊಬ್ಬನ ಕತೆ ಹೇಳುವ ಹಾಡನ್ನು ಅಚ್ಚುಹಾಕಿ ಜನರ ಕೈಗೆ ಕೊಟ್ಟರು. ಕೆಲವರಿಗೆ ಅದು ‘ರ‍್ಯಾಪ್’ ಎಂದರು, ಕೆಲವರಿಗೆ ‘ಕಂಟ್ರಿ’ ಎಂದರು. ಒಂದಕ್ಷರವೂ ಬೇರೆಯಿಲ್ಲ. ಆದರೂ ರ‍್ಯಾಪ್ ಎಂದುಕೊಂಡು ಓದಿದವರಿಗೆ ಅದು ಅಪಾಯದ್ದಾಗಿ, ಅಂಕೆಯಲ್ಲಿಡಬೇಕಾದ್ದಾಗಿ ಕಂಡಿತು. ಕಂಟ್ರಿ ಎಂದುಕೊಂಡವರಿಗೆ ಅಷ್ಟೇನೂ ಅನ್ನಿಸಲಿಲ್ಲ. ಅಸಲಿಗೆ ಅದು ಕಿಂಗ್‌ಸ್ಟನ್ ಟ್ರಿಯೊ ಎಂಬ ಮೂವರು ಬಿಳಿಯರು 1960ರಲ್ಲಿ ಹಾಡಿದ್ದ ಜಾನಪದ ಧಾಟಿಯ ಹಾಡು. ಇಪ್ಪತ್ತು ವರ್ಷದ ಮೇಲೆ ಬೇರೆಯವರು ಇದನ್ನೇ ಮತ್ತೆ ಮಾಡಿ ನೋಡಿದಾಗಲೂ ರ‍್ಯಾಪ್ ಹೆಸರಿಗೇ ಹೆಚ್ಚು ಅಪವಾದ ಬಂತು.

ಇಂಥ ಪೂರ್ವಗ್ರಹ ಕೋರ್ಟಿನೊಳಗೆ ಬಾರದಿರಲೆಂದು ಕ್ಯಾಲಿಫೋರ್ನಿಯ 2022ರಲ್ಲಿ ಕಾನೂನನ್ನೇ ಮಾಡಿತು. ಆರೋಪಿಯ ಹಾಡನ್ನು ಸಾಕ್ಷ್ಯವಾಗಿ ತರಬೇಕೆಂದರೆ ಅದರಿಂದ ಸಾಬೀತಾಗುವುದೆಷ್ಟು, ಪೂರ್ವಗ್ರಹ ಕೆರಳುವುದೆಷ್ಟು ಎಂದು ನ್ಯಾಯಾಧೀಶರು ಮೊದಲು ತೂಗಿ ನೋಡಬೇಕು. ಆ ವಾದ ನಡೆಯುವಷ್ಟು ಹೊತ್ತೂ ಜ್ಯೂರಿಯವರು ಹೊರಗಿರಬೇಕು.