ಮೋಲ್ಡಿನ ಲೆಕ್ಕದಲ್ಲಿ ನೀರಿನ ಪಾಲು

ಹತ್ತು ಚದರದ ಮನೆಗೆ ಐದು ಇಂಚು ದಪ್ಪದ ಮೋಲ್ಡ್ ಹಾಕಲು ಸುಮಾರು 12 ಘನ ಮೀಟರ್ ಕಾಂಕ್ರೀಟ್ ಬೇಕು. ರೆಡಿಮಿಕ್ಸ್‌ನವರ ದರಪಟ್ಟಿಗಳನ್ನು ಮುಂದಿಟ್ಟುಕೊಂಡ ಮಾಲೀಕರು ಸಾಮಾನ್ಯವಾಗಿ ನೋಡುವುದು ಘನ ಮೀಟರಿಗೆ ಎಷ್ಟೆಂಬುದನ್ನು ಮಾತ್ರ. ಒಬ್ಬರು 300 ರೂಪಾಯಿ ಕಡಿಮೆ ಹೇಳಿದರೆ ಉಳಿಯುವುದು 3,600 ರೂಪಾಯಿ. ಪಂಪಿನ ಬಾಡಿಗೆಯೂ ಜಿಎಸ್‌ಟಿಯೂ ಅದರಲ್ಲಿ ಸೇರಿವೆಯೇ ಎಂದು ಕೇಳಿದರೆ ಆ ಉಳಿತಾಯವೂ ಕರಗಬಹುದು. ಅದಿರಲಿ, ದುಡ್ಡು ಕೊಡುತ್ತಿರುವುದು ಬಲಕ್ಕೆ. ಎಂ20 ಎಂದರೆ 28 ದಿನ ಕಳೆದ ಕಾಂಕ್ರೀಟು ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಡೆಯಬೇಕು. ಕಬ್ಬಿಣ ಕಟ್ಟಿದ ಕಾಂಕ್ರೀಟಿಗೆ ಭಾರತೀಯ ಮಾನದಂಡ ಐಎಸ್ 456 ಒಪ್ಪುವ ಕನಿಷ್ಠ ದರ್ಜೆ ಇದೇ. ಚೀಟಿಯಲ್ಲಿರುವ ಆ ದರ್ಜೆ ಮೋಲ್ಡಿನವರೆಗೆ ಉಳಿಯುತ್ತದೆಯೇ ಎಂಬುದರ ಮೇಲೆ ನಿಜವಾದ ಬೆಲೆ ನಿಂತಿದೆ.

ದರ್ಜೆ ಕೆಡುವುದು ಹೆಚ್ಚಾಗಿ ನೀರಿನಿಂದ. ಲಾರಿ ಬಂದು ನಿಲ್ಲುತ್ತದೆ, ಮಾಲು ಗಟ್ಟಿಯಾಗಿದೆ ಎಂದು ಯಾರೋ ಕೂಗುತ್ತಾರೆ, ಪೈಪು ಸೀದಾ ಡ್ರಮ್ಮಿನೊಳಗೆ. ನೀರು-ಸಿಮೆಂಟ್ ಅನುಪಾತ 0.5 ಎಂದರೆ 50 ಕೆ.ಜಿ. ಮೂಟೆಗೆ 25 ಲೀಟರ್. ಎಂ-ಸ್ಯಾಂಡಿನ ಮೇಲಿನ ತೇವವೂ ಆ ಲೆಕ್ಕದೊಳಗೇ ಬರಬೇಕು. ಹೆಚ್ಚಾದ ನೀರು ಆರಿಹೋದ ಜಾಗದಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ, ಬಲ ಕುಗ್ಗುತ್ತದೆ, ಅದೇ ದಾರಿಯಲ್ಲಿ ತೇವ ಇಳಿದು ಕಂಬಿಗೆ ತುಕ್ಕು ಹಿಡಿಯುತ್ತದೆ. ನೀರು ಹಾಕದಿದ್ದರೆ ಮಾಲು ಹರಡುವುದಿಲ್ಲ ಎನ್ನುವ ಮೇಸ್ತ್ರಿಯ ತಕರಾರು ಸುಳ್ಳಲ್ಲ. ಆದರೆ ಹರಿಯುವ ಗುಣವನ್ನು ಆರ್ಡರ್ ಕೊಡುವಾಗಲೇ ಸ್ಲಂಪ್ ಎಷ್ಟಿರಬೇಕೆಂದು ಹೇಳಿ ಪಡೆಯಬಹುದು. ಅದಕ್ಕೆಂದೇ ಪ್ಲಾಂಟಿನಲ್ಲಿ ರಾಸಾಯನಿಕ ಬೆರೆಸುತ್ತಾರೆ. ಸೈಟಿನಲ್ಲಿ ವೈಬ್ರೇಟರ್ ಓಡಿದರೆ ಉಳಿದದ್ದು ಆಗುತ್ತದೆ. ಹಾಗಾದರೆ ಎಂ30 ತರಿಸಿ ನಿಶ್ಚಿಂತೆಯಾಗಿರೋಣ ಎನ್ನುವವರಿದ್ದಾರೆ. ಎಂಜಿನಿಯರ್ ಕೇಳದ ದರ್ಜೆಗೆ ದುಡ್ಡು ತೆತ್ತು, ಆಮೇಲೆ ಅದಕ್ಕೂ ಪೈಪು ಹಿಡಿದರೆ ಪ್ರಯೋಜನವೇನು?

ಸೈಟಿನಲ್ಲೇ ಕಲಸಿದರೆ ಅಗ್ಗ ಎಂಬ ವಾದದಲ್ಲಿ ಅರ್ಧ ಸತ್ಯವಿದೆ. 1:1.5:3ರ ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು ಎಂಟು ಮೂಟೆ ಸಿಮೆಂಟ್ ಬೇಕು. ಅದರ ಮೇಲೆ ಜಲ್ಲಿ, ಮರಳು, ಮಿಕ್ಸರ್ ಬಾಡಿಗೆ, ಕೂಲಿ, ಉಳಿದು ಹಾಳಾಗುವ ಮಾಲು ಎಲ್ಲವನ್ನೂ ಕೂಡಿಸಿದ ಮೇಲೆಯೇ ಹೋಲಿಕೆ. ಲಾರಿ ನುಗ್ಗದ ಗಲ್ಲಿಯಲ್ಲಿ ಬೇರೆ ದಾರಿಯೂ ಇಲ್ಲ. ಅಲ್ಲಿ ಬಾಂಡ್ಲಿ ಎಣಿಸುವ ಬದಲು ಅಳತೆಪೆಟ್ಟಿಗೆ ಬಳಸಿದರೆ ಸಾಕಷ್ಟು ಹುಳುಕು ತಪ್ಪುತ್ತದೆ. ಎಲ್ಲಿಯೇ ಕಲಸಿದರೂ, 12 ಘನ ಮೀಟರಿಗೆ ಐಎಸ್ 456 ಎರಡು ಸ್ಯಾಂಪಲ್ ಕೇಳುತ್ತದೆ, ಒಂದೊಂದಕ್ಕೂ ಮೂರು ಕ್ಯೂಬ್. ಅವನ್ನು ಲಾರಿಯ ಇಲ್ಲವೇ ಮಿಕ್ಸರಿನ ಬಾಯಲ್ಲಿ, ಮಾಲೀಕರ ಕಣ್ಣೆದುರೇ ತುಂಬಿಸಬೇಕು. ವರದಿ ಬರುವುದು 28 ದಿನದ ಮೇಲೆ, ಆಗ ಮೋಲ್ಡ್ ಒಡೆಯಲಾದೀತೇ ಎಂದು ಕೇಳಬಹುದು. ಅದಕ್ಕೇ ಬಾಕಿಯ ಒಂದು ಪಾಲು ಆ ವರದಿ ಬಂದ ನಂತರವೇ ಎಂಬ ಷರತ್ತು ದರಪಟ್ಟಿಯಲ್ಲಿರಬೇಕು. ಅದಕ್ಕೆ ಒಪ್ಪದವರ 300 ರೂಪಾಯಿ ರಿಯಾಯಿತಿಯನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ.