ಯಂತ್ರದ ಸದ್ದೂ ಒಳಗಿವಿಯ ಹಾನಿಯೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ರಾಗಿ ಒಕ್ಕುವ ಯಂತ್ರ, ಪವರ್ ಟಿಲ್ಲರ್, ರೇಷ್ಮೆಯ ಹುರಿ ಮಾಡುವ ಯಂತ್ರಗಳ ಬಳಿ ದುಡಿಯುವವರು ಅನೇಕರು. ಸದ್ದಿನಿಂದ ಒಳಗಿವಿಗಾಗುವ ಹಾನಿಯು ನೋವಿಲ್ಲದೆ ಬರುವುದು. ಮೊದಲು ಕೀಚುದನಿ ಕೇಳಿಸದಾಗುವುದು. ಮನೆಯವರು ಅದನ್ನು ವಯಸ್ಸಿನ ದೋಷವೆಂದು ಬಿಟ್ಟುಬಿಡುವರು.

ಒಂದೊಂದು ಕಿವಿಯಲ್ಲಿಯೂ ಸುಮಾರು 12,000 ಹೊರಸಾಲಿನ ರೋಮಕೋಶಗಳುಂಟು. ಒಣಗಿದ ಪೈರಿನ ಹೊಲವನ್ನು ಮರಳಿ ಬಿತ್ತಬಹುದು; ಸತ್ತ ಈ ಕೋಶಗಳು ಮನುಷ್ಯನಲ್ಲಿ ಮತ್ತೆ ಹುಟ್ಟವು. ಇವುಗಳಲ್ಲಿನ ಪ್ರೆಸ್ಟಿನ್ ಎಂಬ ಸಸಾರಜನಕವನ್ನು 2000ನೆಯ ಇಸವಿಯಲ್ಲಿ ಅಮೆರಿಕದ ವಿಜ್ಞಾನಿಗಳು ಗುರುತಿಸಿದರು. ಕೋಶ ಕೆಟ್ಟಾಗ ಇದು ರಕ್ತಕ್ಕೆ ಸೇರಬಹುದೆಂದು ಎಣಿಸಿ, ಇಲಿಗಳಿಗೆ ಗಟ್ಟಿ ಸದ್ದು ಕೇಳಿಸಿ ರಕ್ತವನ್ನು ಪರೀಕ್ಷಿಸಲಾಗಿ, ಅದರ ಪ್ರಮಾಣದಲ್ಲಿ ವ್ಯತ್ಯಾಸ ಕಂಡುಬಂದಿತು. ಮನುಷ್ಯರ ವಿಷಯದಲ್ಲಿ ಇದಿನ್ನೂ ಸಂಶೋಧನೆಯ ಮಟ್ಟದಲ್ಲಿಯೇ ಇರುವುದರಿಂದ, ರಕ್ತ ನೋಡಿ ಕಿವಿಯ ಸ್ಥಿತಿ ಹೇಳುವೆವೆನ್ನುವವರಿಗೆ ರೈತಬಾಂಧವರು ಹಣ ತೆರಬಾರದು.

ಸದ್ಯಕ್ಕೆ ನೆಚ್ಚತಕ್ಕದ್ದು ಶ್ರವಣಮಾಪನ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನು ಮಾಡುವರು. ಎರಡು ಮೊಳ ದೂರದಲ್ಲಿರುವವನೊಡನೆ ಕೂಗಿ ಮಾತನಾಡಬೇಕಾದರೆ ಆ ಸದ್ದು ಅಪಾಯಕರವೆಂದು ತಿಳಿಯತಕ್ಕದ್ದು. ಕಿವಿಗೆ ಅರಳೆ ತುರುಕುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಸರಿಯಾಗಿ ಕೂರುವ ಕಿವಿಬಿರಡೆಯನ್ನು ಯಂತ್ರ ಹೂಡುವ ಮೊದಲೇ ಧರಿಸಬೇಕು.